ಹೊಳೆದಂಡೆಯ ನೀಲಿ ಫಾನಸು

ಶಹಾಬಾದಿನ ನಮ್ಮ ಮನೆಯ ಮಾಳಿಗೆ ಹತ್ತಿದವರು ಮೊದಲು ನಗುತ್ತಾರೆ, ಆಮೇಲೆ ತಲೆ ಉಜ್ಜಿಕೊಳ್ಳುತ್ತಾರೆ. ನಗು ಕಂಡದ್ದಕ್ಕೆ, ಉಜ್ಜಿಕೊಳ್ಳುವುದು ತಗಲಿದ್ದಕ್ಕೆ. ಮಾಳಿಗೆಯ ತುಂಬ ಹಳೆಯ ಬೀದಿದೀಪಗಳು ತೂಗುತ್ತಿವೆ. ಹೊರಗೆ ಹಸಿರು, ಒಳಗೆ ಬಿಳಿ ಪಿಂಗಾಣಿ ಬಣ್ಣದ ತಗಡಿನ ಟೊಪ್ಪಿಗೆಗಳು, ಅವನ್ನು ಕಂಬದಿಂದ ಮುಂದಕ್ಕೆ ಹಿಡಿಯುತ್ತಿದ್ದ ಬಾಗಿದ ಕೊಳವೆಗಳು, ತಂತಿಯ ಜಾಳಿಗೆಯೊಳಗಿನ ದಪ್ಪ ಗಾಜಿನ ಬುರುಡೆಗಳು, ಇನ್ನೂ ಏನೇನೋ. ನಮ್ಮ ಮನೆಯವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ಊರ ಮಂದಿ ಮನ್ಯಾಗಿನ ಕಸಾ ಬೀದಿಗಿ ಹಾಕ್ತಾರ್ರಿ. ನಮ್ಮಾಕಿ ಬೀದೀನೇ ಮನಿಗಿ ತಂದಾಳ." ಹೇಳಿ ತಾವೇ ಮೊದಲು ನಗುತ್ತಾರೆ. ನಾನು ಪ್ರತಿ ಸಲ ಕಣ್ಣು ಕಿಸಿಯಲೇಬೇಕು, ಇಲ್ಲದಿದ್ದರೆ ಅವರಿಗೆ ಹೇಳಿದ ಸಮಾಧಾನ ಸಿಗುವುದಿಲ್ಲ.

ಮಜಾ ಏನೆಂದರೆ ನಮ್ಮದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಹಗಲೆಲ್ಲ ಗಲ್ಲಾದ ಮೇಲೆ ಕುಳಿತು ಎಲ್‌ಇಡಿ ಮಾರುವವಳು ನಾನೇ. "ಬೆಳಕು ಹೆಂಗದರೀ ಅಕ್ಕಾರ?" ಎಂದು ಕೇಳಿದವರಿಗೆ "ಹಾಲಿನಂಥಾ ಬೆಳಕ್ರೀ, ಕಣ್ಣು ಮುಚ್ಚಿ ಒಯ್ರಿ" ಅನ್ನುವವಳೂ ನಾನೇ. ಊರ ಕಂಬಗಳಿಗೆಲ್ಲ ಹೊಸ ದೀಪ ಹಾಕುವ ಕೆಲಸ ಶುರುವಾದಾಗ ನಮ್ಮ ಅಂಗಡಿಯ ಮುಂದಿನ ಕಂಬದ ಹಳೆಯ ಟೊಪ್ಪಿಗೆ ಬಿಚ್ಚಿ ಮೇಲಿನಿಂದಲೇ ಟ್ರ್ಯಾಕ್ಟರಿಗೆ ಒಗೆದರು. ಅದು ಗುರಿ ತಪ್ಪಿ ನಮ್ಮ ಮೆಟ್ಟಿಲ ಮೇಲೆ ಠಣ್ಣೆಂದು ಬಿತ್ತು. "ಯಾರ ತಲಿ ಒಡೀಬೇಕಂತ ಮಾಡೀರಿ?" ಎಂದು ಜಗಳಕ್ಕೆ ಎದ್ದವಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಅಂಚಿನ ಹಸಿರು ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಒಳಗಿನ ಬಿಳುಪು ಮಾತ್ರ ಈಗ ತೊಳೆದಿಟ್ಟ ಚಹಾದ ಬಸಿಯಂತಿತ್ತು. ನಾನು ಹುಟ್ಟಿದ್ದೂ ಬೆಳೆದದ್ದೂ ನನ್ನನ್ನು ಕೊಟ್ಟದ್ದೂ ಇದೇ ಊರಲ್ಲಿ. ಇಂಥ ಟೊಪ್ಪಿಗೆಯ ಕೆಳಗೇ ನಾವು ಹುಡುಗಿಯರು ಅವ್ವಂದಿರು ಕೂಗಿ ಕೂಗಿ ಸಾಕಾಗುವ ತನಕ ಗಜ್ಜುಗ ಆಡಿದ್ದು. ಜಗಳ ಅಲ್ಲೇ ಬಿಟ್ಟು ಅದನ್ನು ಒಳಗೆ ಒಯ್ದೆ. ಅವತ್ತು ಹಿಡಿದ ಹುಚ್ಚು ಇದು.

ನಮ್ಮಲ್ಲಿ ಸಂಜೆ ದೀಪ ಹತ್ತಿದರೆ ಕೈ ಮುಗಿಯುವುದು ರೂಢಿ. ಮನೆಯ ದೀಪಕ್ಕಷ್ಟೇ ಅಲ್ಲ, ಬೀದಿಯ ದೀಪಕ್ಕೂ. ಬಜಾರಿನಲ್ಲಿ ಉಳ್ಳಾಗಡ್ಡಿ ತೂಗುತ್ತಿದ್ದವನು ತಕ್ಕಡಿ ಬಿಟ್ಟು ಎದೆಗೆ ಕೈ ಹಚ್ಚಿ "ಶರಣು" ಅನ್ನುತ್ತಾನೆ, ಆಮೇಲೆ ತೂಕ ಮುಂದುವರಿಸುತ್ತಾನೆ. ಜಗಳವಾಡುತ್ತಿದ್ದವರೂ ಅಷ್ಟು ಹೊತ್ತು ನಿಲ್ಲಿಸಿ ಕೈ ಮುಗಿದು ಮತ್ತೆ ಶುರು ಮಾಡಿದ್ದನ್ನು ನಾನು ಕಂಡಿದ್ದೇನೆ. ಇಷ್ಟು ವರ್ಷ ಊರೆಲ್ಲ ಕೈ ಮುಗಿದದ್ದನ್ನು ಗುಜರಿಗೆ ಹಾಕುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಜನಕ್ಕೆ ನಾನು ಕೊಡುತ್ತಿದ್ದ ಕಾರಣ ಇದು. ಆದರೆ ಮನಸ್ಸಿನೊಳಗೆ ಇನ್ನೊಂದು ಕಾರಣ ಇತ್ತು, ಅದು ನನ್ನ ಸೋದರಮಾವನದು.

ದಂಡೋತಿ ನನ್ನ ಅವ್ವನ ತವರು. ಕಾಗಿಣಾ ದಂಡೆಯ ಮೇಲಿನ ಊರು. ಸೇತುವೆ ಆಗುವ ಮೊದಲು ಆಚೆ ದಂಡೆಯಿಂದ ಈಚೆಗೆ ಜನರನ್ನು ನಾವೆಯಲ್ಲಿ ದಾಟಿಸುತ್ತಿದ್ದದ್ದು ನಮ್ಮ ಅಜ್ಜ, ಅಂದರೆ ಮಾವನ ಅಪ್ಪ. ಈಗ ಮಾವ ತನ್ನ ಹರಗೋಲಿನಲ್ಲಿ ಮೀನು ಹಿಡಿಯುತ್ತಾನೆ, ಹೊಲ ನೋಡುತ್ತಾನೆ. ಮಗ ಮಳಖೇಡದ ಸಿಮೆಂಟು ಕಾರ್ಖಾನೆಗೆ ಹೋಗಿ ಬರುತ್ತಾನೆ. ತುಂಬಿದ ಮನೆ. ಮಾತು ಮಾತಿಗೆ ನಗುವ ಮನೆ. ಆ ಮನೆಯಲ್ಲಿ ಯಾವುದು ಒಡೆದರೂ ಡಾಂಬರೇ ಮದ್ದು. ಹರಗೋಲಿನ ತೂತಿಗೆ ಬಳಿದು ಉಳಿದ ಡಾಂಬರನ್ನು ಬಕೆಟ್ಟಿಗೆ, ಕೊಡಕ್ಕೆ, ಹರಿದ ಚಪ್ಪಲಿಗೆ, ಒಮ್ಮೆ ಹೊರಸಿನ ಕಾಲಿಗೂ ಹಚ್ಚಿದ್ದರು. "ನಾ ಮುಪ್ಪಾಗಿ ಸೊಂಟ ಮುರಕೊಂಡ್ರೂ ಇವ್ರು ದವಾಖಾನಿಗಿ ಒಯ್ಯಂಗಿಲ್ಲ, ಡಾಂಬರ ಹಚ್ಚಿ ಕುಂದ್ರಸ್ತಾರ" ಎಂದು ಮಾವನ ಹೆಂಡತಿ, ನಮ್ಮ ಅತ್ತೆ, ಬಂದವರ ಮುಂದೆಲ್ಲ ಹೇಳುತ್ತಾಳೆ.

ಅತ್ತೆಗೆ ಮಾವನ ಮೇಲೆ ಒಂದು ಹಳೆಯ ದೂರು ಇದೆ. ಹೆಣ್ಣು ನೋಡಲು ಹೋದಾಗ ಹಿರಿಯರು ಎದ್ದು ಹೊರಗೆ ಹೋದ ಒಂದು ಗಳಿಗೆಯಲ್ಲಿ ಮಾವ ಅವಳಿಗೆ ಹೇಳಿದ್ದು ಒಂದೇ ಮಾತು: "ನಮ್ಮೂರ ಹೊಳಿ ದಂಡ್ಯಾಗ ನೀಲಿ ದೀಪ ಅದ. ಆ ದಂಡಿಂದ ನಾವ್ಯಾಗ ಬರ್ತಿರ್ಬೇಕಾದ್ರ ನೀರಿನ ಮ್ಯಾಲ ನೀಲಿ ಹಾದಿ ಹಾಸಿದಂಗ ಕಾಣ್ತದ." ಮುಂದಿನದನ್ನು ಅತ್ತೆಯ ಬಾಯಲ್ಲೇ ಕೇಳಬೇಕು: "ನಾನೂ ಹುಚ್ಚಿ, ನಂಬಿದೆ. ಮದುವ್ಯಾಗಿ ಸಂಜಿ ಮುಂದ ನಾವ್ಯಾಗ ಕುಂತು ಬರ್ಲಿಕತ್ತೀನಿ. ಎಲ್ಲಾರೂ ಹೊಸಾ ಸೊಸಿ ಅಳ್ತಾಳೇನಂತ ನೋಡ್ಲಿಕತ್ತಾರ, ನಾ ಕಣ್ಣು ಕಿಸ್ಕೊಂಡು ನೀಲಿ ದೀಪ ಹುಡುಕ್ಲಿಕತ್ತೀನಿ. ಎಲ್ಲದ ದೀಪ? ಒಂದು ಬೋಳ ಖಂಬ! ಅದಕ್ಕ ಎಮ್ಮಿ ಕಟ್ಯಾರ!"

ಮಾವ ಹೇಳುವುದು ಬೇರೆ. ಅದು ಫಾನಸು, ಅಂದರೆ ನಾಲ್ಕು ಕಡೆ ಗಾಜು ಇದ್ದು ಒಳಗೆ ಚಿಮಣಿ ಎಣ್ಣೆಯ ದೀಪ ಇಡುವ ಪೆಟ್ಟಿಗೆ. ಹೊಳೆಯ ಕಡೆಯ ಗಾಜು ಒಡೆದಾಗ ಅಜ್ಜ ಯಾವುದೋ ಗೌಡರ ವಾಡೆಯ ಬಿದ್ದ ಕಿಟಕಿಯಿಂದ ನೀಲಿ ಗಾಜು ತಂದು ಕೂಡಿಸಿದ. ಅಕ್ಕಪಕ್ಕದ ದಂಡೆಗಳ ದೀಪಗಳೆಲ್ಲ ಒಂದೇ ಥರ ಇದ್ದಾಗ ಇದು ಮಾತ್ರ ನೀಲಿ. ಕಣ್ಣು ಮಂದಾದವನೂ ದಂಡೋತಿಗೇ ಬಂದು ಮುಟ್ಟುತ್ತಿದ್ದನಂತೆ. ಮಾವನ ಲಗ್ನ ಗೊತ್ತಾಗಿ ಮದುವೆ ಆಗುವುದರೊಳಗೆ ಊರಿಗೆ ಕರೆಂಟು ಬಂತು, ಯಾರೋ ಫಾನಸು ಬಿಚ್ಚಿ ಒಯ್ದರು. ಇಷ್ಟೇ ಆಗಿದ್ದು. ಆದರೆ ನಂಬುವವರು ಯಾರು? ನೆನಪಿದ್ದ ಹಿರಿಯರು ಒಬ್ಬೊಬ್ಬರೇ ಹೋದರು. ಉಳಿದ ಗೆಳೆಯರು "ಇತ್ತು" ಅಂದರೆ ಅತ್ತೆ "ನೀವೂ ಅವರ ಗೆಳ್ಯಾರೇ ಅಲ್ಲೇನು?" ಅನ್ನುತ್ತಿದ್ದಳು. ನನ್ನ ಅವ್ವ ಆಗ ತೊಟ್ಟಿಲ ಕೂಸು.

ಹೀಗಾಗಿ ಆ ಮನೆಯಲ್ಲಿ ಯಾರು ಏನು ಜಂಬ ಕೊಚ್ಚಿದರೂ "ಹತ್ತಿತು ನೋಡು ನೀಲಿ ದೀಪ" ಅನ್ನುವುದು ಮಾಮೂಲಾಯಿತು. ಮಾವ ಎರಡೂ ಕೈ ಅಗಲಿಸಿ "ಇಷ್ಟುದ್ದ ಮೀನ" ಅಂದರೆ ಸೊಸೆ ಅಡುಗೆಮನೆಯಿಂದಲೇ "ನೀಲಿ ದೀಪ ಮಾವಾ" ಅನ್ನುತ್ತಿದ್ದಳು. ಮಾವನೂ ನಗುತ್ತಿದ್ದ. ಆದರೆ ಒಮ್ಮೆ, ನಾನು ಮತ್ತು ಅವನು ಇಬ್ಬರೇ ಹೊಳೆಯ ದಂಡೆಯಲ್ಲಿ ಕುಳಿತಿದ್ದಾಗ, ಬೋಳು ಕಂಬಕ್ಕೆ ಹರಗೋಲಿನ ಹಗ್ಗ ಸುತ್ತುತ್ತ ಅಂದ: "ಊರೆಲ್ಲಾ ನಗ್ಲಿ, ನನಗೇನಿಲ್ಲವ್ವಾ. ಆಕಿ ಒಬ್ಬಾಕಿ ನಂಬಿದ್ರ ಸಾಕಿತ್ತು. ಆಕಿಗಿ ನಾ ಆಡಿದ ಮೊದಲ್ನೇ ಮಾತದು. ಮೊದಲ್ನೇ ಮಾತೇ ಸುಳ್ಳಾಯ್ತು ನೋಡು." ಆ ಫಾನಸು ಎಲ್ಲೇ ಇರಲಿ, ತಂದು ಅತ್ತೆಯ ಮುಂದೆ ಇಡುತ್ತೇನೆ ಎಂದು ಅಲ್ಲೇ ನಿರ್ಧಾರ ಮಾಡಿದೆ.

ಹುಡುಕುತ್ತ ಹುಡುಕುತ್ತ ದೀಪಗಳ ಗುರುತು ಹಿಡಿಯುವುದನ್ನು ಕಲಿತೆ. ನನ್ನ ದಾರಿ ಧೂಳಿನದು. ಸಿಮೆಂಟು ಕಾರ್ಖಾನೆ ಇರುವ ವಾಡಿ ಊರಿನ ಟೊಪ್ಪಿಗೆಯ ಮೇಲೆ ಸಿಮೆಂಟಿನ ಧೂಳು ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ, ಪದರು ಪದರಾಗಿ ಕಲ್ಲಾಗಿರುತ್ತದೆ. ಉಗುರಿನಿಂದ ಬಡಿದರೆ ತಗಡಿನ ಸದ್ದೇ ಬರುವುದಿಲ್ಲ. ಕಾರ್ಖಾನೆ ದೂರವಾದಷ್ಟೂ ಪದರು ತೆಳು. ಸೇಡಂ ಬಜಾರಿನದಕ್ಕೆ ಬೇಳೆ ಮಿಲ್ಲಿನ ತೊಗರಿ ಹೊಟ್ಟು ಅಂಟಿರುತ್ತದೆ, ಚಿಂಚೋಳಿಯದಕ್ಕೆ ಕೆಂಪು ಮಣ್ಣು. ನಮ್ಮ ಶಹಾಬಾದ, ಭಂಕೂರಿನ ಕಡೆ ನೆಲಕ್ಕೆ ಹಾಸುವ ಕಲ್ಲು, ನಾವು ಫರ್ಸಿ ಅನ್ನುವುದು, ಅದನ್ನು ಕೊಯ್ಯುವಾಗ ಸಿಡಿಯುವ ಬೂದಿ ಬಣ್ಣದ ಕೆಸರು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಒರೆಸಿ ಒರೆಸಿ ಬಂದ ವಿದ್ಯೆ. ಚಿತ್ತಾಪುರದ ಗುಜರಿ ಅಂಗಡಿಯವನು ಫೋನು ಮಾಡಿ "ಅಕ್ಕಾರ, ನಿಮ್ಮ ಟೊಪ್ಪಿಗಿ ಒಂದು ಬಂದದರಿ, ಎಲ್ಲೀದು ನೀವೇ ಬಂದು ಹೇಳ್ರಿ" ಅನ್ನುವಷ್ಟು ನನ್ನ ಹೆಸರಾಯಿತು. ನನಗೂ ಒಂದಿಷ್ಟು ಸೊಕ್ಕು ಬಂತು, ಸುಳ್ಳೇಕೆ ಹೇಳಲಿ.

ಚಿಂಚೋಳಿಯಲ್ಲಿ ಒಂದು ಹಿತ್ತಲಿನಲ್ಲಿ ಭಾರೀ ಅಂದವಾದ ಟೊಪ್ಪಿಗೆ ಬೋರಲು ಬಿದ್ದಿತ್ತು. ಆನಂದದಲ್ಲಿ ಎತ್ತಿಯೇ ಬಿಟ್ಟೆ. ಒಳಗಿದ್ದ ಕೋಳಿ ಮರಿಗಳ ಸಮೇತ ಕಿರುಚುತ್ತ ದಿಕ್ಕಾಪಾಲಾಯಿತು. ಆ ಮನೆಯ ಮುದುಕಿ ಕಸಬರಿಗೆ ಹಿಡಿದು ಬಂದಳು. "ಏಮಮ್ಮಾ, ದೀಪಾ ಬೇಕಂದ್ರ ಕೇಳ್ಬೇಕು, ನನ್ನ ಕೋಳಿ ಯಾಕ ಬಿಟ್ಟಿ?" ನಾನು, ನಮ್ಮ ಮನೆಯವರು, ಆ ಮುದುಕಿ ಮೂವರೂ ಸೇರಿ ಬೇಲಿ, ಬಣವೆ, ಬಚ್ಚಲು ಅನ್ನದೆ ಓಡಾಡಿ ಮರಿಗಳನ್ನು ಕೂಡಿಸಿದೆವು. ಕೊನೆಗೆ ಮುದುಕಿ ಚಹಾ ಕುಡಿಸಿ, ಕೋಳಿ ಮುಚ್ಚಲು ಹೊಸ ಬುಟ್ಟಿ ತಂದುಕೊಟ್ಟರೆ ಟೊಪ್ಪಿಗೆ ಕೊಡುತ್ತೇನೆ ಅಂದಳು. ಸಂತೆಗೆ ಹೋಗಿ ಇದ್ದದ್ದರಲ್ಲೇ ದೊಡ್ಡ ಬುಟ್ಟಿ ತಂದುಕೊಟ್ಟೆ. ಬರುವಾಗ ದಾರಿಯುದ್ದಕ್ಕೂ ನಮ್ಮ ಮನೆಯವರು ಕೋಳಿಯಂತೆ ಕೂಗುತ್ತ ಗಾಡಿ ಓಡಿಸಿದರು. ಇನ್ನೊಮ್ಮೆ ಒಂದು ಬೇವಿನ ಗಿಡದ ಕೆಳಗೆ ನಾಗಪ್ಪನ ಕಲ್ಲಿಗೆ ಛತ್ರಿಯಾಗಿ ನಿಲ್ಲಿಸಿದ ಟೊಪ್ಪಿಗೆ ಕಂಡಿತು. ಅರಿಶಿಣ ಕುಂಕುಮದ ನಡುವೆ ವಾಡಿಯ ಸಿಮೆಂಟು! ಅಂಚು ತಡವಿ ನೋಡುತ್ತಿದ್ದೆ, ಅಷ್ಟರಲ್ಲಿ ಇವರು ಕೈ ಹಿಡಿದು ಎಳೆದರು. "ದೇವರ ತಲಿ ಮ್ಯಾಗಿಂದರೆ ಬಿಡು ಮಾರಾಯ್ತಿ."

ಇಷ್ಟೆಲ್ಲ ಸಿಕ್ಕಿತು, ಫಾನಸು ಮಾತ್ರ ಸಿಗಲಿಲ್ಲ. ಸಿಕ್ಕದ್ದು ಮಳೆಗಾಲ ಮುಗಿಯುವ ಹೊತ್ತಿಗೆ, ಭಂಕೂರಿನಲ್ಲಿ. ಫರ್ಸಿ ಕೊಯ್ಯುವ ಹಳೆಯ ಕಾರ್ಖಾನೆಯೊಂದರ ಶೆಡ್ಡು ಬಿಚ್ಚುತ್ತಿದ್ದಾರೆ, ಮೂಲೆಯಲ್ಲಿ ಪೆಟ್ಟಿಗೆಯಂಥದ್ದು ತೂಗುತ್ತಿದೆ ಎಂದು ಸುದ್ದಿ ಬಂತು. ಹೋಗಿ ನೋಡಿದರೆ ಖರೇ ಫಾನಸು. ನಾಲ್ಕು ಕಡೆಯೂ ಕಲ್ಲಿನ ಕೆಸರು ಎಷ್ಟು ಹೆಪ್ಪುಗಟ್ಟಿತ್ತೆಂದರೆ ಗಾಜೋ ತಗಡೋ ತಿಳಿಯುವಂತಿರಲಿಲ್ಲ. ಬಿಸಿಲಿಗೆ ಹಿಡಿದು ಒಂದು ಕಡೆಯನ್ನು ಕೀಲಿಯಿಂದ ಕೆರೆದೆ. ಸಾದಾ ಗಾಜು. ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಉಳಿದ ಮೂರು ಕಡಿನೂ ಕೆರದು ನೋಡಬಾರ್ದೇನು?" ಅಂದರು ನಮ್ಮ ಮನೆಯವರು.

"ನನಗ ಕಲಿಸ್ಲಿಕ್ಕ ಬರಬ್ಯಾಡ್ರಿ" ಎಂದು ಸಿಡುಕಿದೆ. "ಮ್ಯಾಲಿನ ಕೆಸರ ನೋಡ್ರಿ. ಪಕ್ಕಾ ಭಂಕೂರಂದು. ಇದು ಇಲ್ಲೇ ಹುಟ್ಟಿ ಇಲ್ಲೇ ಬೆಳದದ್ದು. ದಂಡೋತಿದಾಗಿದ್ರ ಹೊಳಿ ಮಣ್ಣು ಇರ್ಬೇಕಿತ್ತು." ಅವರು ಕೈ ಎತ್ತಿ ಶರಣಾದರು. ಸಿಟ್ಟಿಗೆ ಆ ಫಾನಸನ್ನು ಮಾಳಿಗೆಯ ನೀರಿನ ಟಾಕಿಯ ಸಂದಿಯಲ್ಲಿ ತುರುಕಿ ಮರೆತೆ.

ದೀಪಾವಳಿಗೆ ಮುಂಚೆ ಅತ್ತೆ ಬಳೆ ಇಡಿಸಿಕೊಳ್ಳಲು ಶಹಾಬಾದಿಗೆ ಬಂದವಳು ಮಾಳಿಗೆ ಹತ್ತಿದಳು. ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಇಷ್ಟು ದೀಪ ಇಟ್ಕೊಂಡೀ, ಒಂದರೆ ಹಚ್ಚೀ ಏನವ್ವಾ? ನಮ್ಮ ತುಳಸಿ ಮುಂದ ಪಣತಿ ಇಟ್ರ ಗಾಳಿಗಿ ನಿಲ್ಲಂಗಿಲ್ಲ. ಒಂದು ನನಗ ಕೊಡು" ಅಂದಳು. ಕೊಡುವುದೆಂದರೆ ನನಗೆ ಜೀವ ಹೋದಂತಾಗುತ್ತದೆ. ಯಾವುದನ್ನು ಕೊಟ್ಟರೆ ನೋವಾಗುವುದಿಲ್ಲ ಎಂದು ಕಣ್ಣಾಡಿಸಿದೆ. ಟಾಕಿಯ ಸಂದಿಯಲ್ಲಿ ಭಂಕೂರಿನ ಫಾನಸು ಕಂಡಿತು. "ಇದನ್ನ ಒಯ್ಯಿ ಅತ್ತಿ, ಗಾಳಿಗಿ ಮಸ್ತ ತಡೀತದ" ಎಂದು ಚೀಲಕ್ಕೆ ಹಾಕಿ ಕಳಿಸಿದೆ. ಜಿಪುಣತನ ಮಾಡಿಯೂ ಉದಾರಿ ಅನ್ನಿಸಿಕೊಂಡ ಖುಷಿ ಅವತ್ತು ನನಗೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. ದನಿ ತೀರಾ ಸಣ್ಣದಾಗಿತ್ತು. "ನೀ ಈಗಿಂದೀಗ ಎದ್ದು ಬಾ. ನಿಮ್ಮ ಮಾವಗ ಏನೂ ಹೇಳಬ್ಯಾಡ."

"ಏನಾತತ್ತಿ? ಆರಾಮ ಇದ್ದೀ ಇಲ್ಲ?"

"ಆರಾಮ ಇದ್ದೀನಿ. ಆದ್ರ ಆರಾಮ ಇಲ್ದಂಗ ಆಗ್ಯದ. ಬಾ ಅಂದ್ರ ಬಾ."

ಹಬ್ಬದ ಗಿರಾಕಿಗಳನ್ನು ಬಿಟ್ಟು ಅಂಗಡಿಯ ಶಟರ್ ಎಳೆದು ಇಬ್ಬರೂ ಹೊರಟೆವು. ಮಾವ ಹೊಲಕ್ಕೆ ಹೋಗಿದ್ದ. ಅತ್ತೆ ನಮ್ಮನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಮೂಲೆಯಲ್ಲಿ ಹಳೆಯ ಸೀರೆ ಮುಚ್ಚಿದ ಏನೋ ಇತ್ತು. ಸೊಸೆ ಪಕ್ಕದಲ್ಲಿ ಬಾಯಿಗೆ ಸೆರಗು ಹಚ್ಚಿಕೊಂಡು ನಿಂತಿದ್ದಳು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಹಬ್ಬಕ್ಕಂತ ಹುಣಸಿಹಣ್ಣಿನ ಹುಳಿ ಹಚ್ಚಿ ತಂಬಿಗಿ ತಿಕ್ಲಿಕತ್ತಿದ್ದೆ" ಅಂದಳು ಅತ್ತೆ. "ಹುಳಿ ಉಳೀತು. ಸುಮ್ಮ ಚೆಲ್ಲೋದ್ಯಾಕಂತ ನೀ ಕೊಟ್ಟ ದೀಪಕ್ಕೂ ಬಳದೆ. ಎಷ್ಟೋ ದಿನದ ಕೆಸರು, ಹುಳಿಗಿ ಬುರ್ರನೆ ಬುರುಗು ಬಂದು ಬಿಟ್ಕೊಂಡ್ತು. ಮೂರು ಕಡಿ ಛಂದ ಬೆಳ್ಳಗಾದ್ವು. ನಾಕನೇದು ಎಷ್ಟು ತಿಕ್ಕಿದ್ರೂ ಬೆಳ್ಳಗಾಗವಲ್ದು. ಎತ್ತಿ ಬೆಳಕಿಗಿ ಹಿಡದೆ..." ಎಂದು ಸೀರೆ ಸರಿಸಿದಳು.

ಅಡುಗೆಮನೆಯ ಕಿಂಡಿಯ ಬಿಸಿಲು ಅದರ ಮೇಲೆ ಬಿತ್ತು. ಗೋಡೆಯ ಮೇಲೆ, ರೊಟ್ಟಿಯ ಬುಟ್ಟಿಯ ಮೇಲೆ, ಅತ್ತೆಯ ಕೈಯ ಹೊಸ ಬಳೆಗಳ ಮೇಲೆ ನೀಲಿ ಬೆಳಕು.

"ಅಯ್ಯಯ್ಯ ನನ್ನವ್ವಾ!" ಎಂದು ಅಲ್ಲೇ ನೆಲಕ್ಕೆ ಕುಳಿತೆ. ನಮ್ಮ ಮನೆಯವರು ನನ್ನನ್ನೇ ನೋಡುತ್ತಿದ್ದರು. ಏನಾದರೂ ಅಂದರೆ ನೋಡಿ ಎಂಬಂತೆ ನಾನೂ ನೋಡಿದೆ. ಅವರು ಮೀಸೆಯಲ್ಲಿ ನಕ್ಕರು. ಮೈಮೇಲಿನ ಕೆಸರು ಕೊನೆಗೆ ಎಲ್ಲಿತ್ತು ಅನ್ನುವುದನ್ನು ಹೇಳುತ್ತದೆ, ಎಲ್ಲಿಂದ ಬಂತು ಅನ್ನುವುದನ್ನಲ್ಲ. ಇಷ್ಟು ಸಾದಾ ಮಾತು ನನ್ನ ದೊಡ್ಡ ವಿದ್ಯೆಗೆ ಹೊಳೆದಿರಲಿಲ್ಲ.

ಆದರೂ ಗುರುತು ಹಿಡಿಯುವುದು ನನ್ನ ಕಸುಬು. ನೀಲಿ ಗಾಜು ಎಲ್ಲಿಯಾದರೂ ಇರಬಹುದು, ಇದು ಮಾವ ಹೇಳಿದ ಫಾನಸೇ ಅನ್ನುವುದಕ್ಕೆ ಏನು ಆಧಾರ? ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದೆ. ಮೂರು ಗಾಜುಗಳು ಒಂದೇ ಅಳತೆಯವು, ತಗಡಿನ ಪಟ್ಟಿಯಲ್ಲಿ ನೀಟಾಗಿ ಕೂತಿದ್ದವು. ನೀಲಿಯದು ಅವುಗಳಿಗಿಂತ ದಪ್ಪ, ಕೊಯ್ದದ್ದು ಸೊಟ್ಟಸೊಟ್ಟ. ಅದರ ಸುತ್ತ ನಾಲ್ಕೂ ಅಂಚಿಗೆ ಕಪ್ಪಗೆ ಏನೋ ಮೆತ್ತಿತ್ತು. ಉಗುರಿನಿಂದ ಒತ್ತಿದೆ, ಮೂಸಿದೆ. ಡಾಂಬರು! ದೀಪದ ಗಾಜಿಗೆ ಯಾರಾದರೂ ಡಾಂಬರು ಹಚ್ಚುತ್ತಾರೇನು? ಹಚ್ಚುವವರು ಈ ಭೂಮಿಯ ಮೇಲೆ ಒಂದೇ ಮನೆಯವರು. ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿದ ಕುಳಿಗಳು ಒಂದರ ಪಕ್ಕ ಒಂದು ಹಾಗೇ ಉಳಿದಿದ್ದವು.

"ಅತ್ತಿ, ಇದು ನಮ್ಮ ಅಜ್ಜನ ಕೈ" ಅಂದೆ.

ಅತ್ತೆ "ಇಷ್ಟ ವರ್ಷ ಸುಳ್ಳ, ಸುಳ್ಳ ಅಂದೆನಲ್ಲವ್ವಾ ಅವರಿಗಿ" ಎಂದು ಕಣ್ಣು ಒರೆಸಿಕೊಂಡಳು. ಮರುಗಳಿಗೆಯೇ ಅವಳ ಮುಖದ ಮೇಲೆ ಕಳ್ಳನಗು ಬಂತು. "ಮತ್ತ ಇದಕ್ಕ ಸುಣ್ಣಾ ಬಳದು ಇಟ್ರ ಹೆಂಗ? ಯಾರಿಗೂ ಗೊತ್ತಾಗಂಗಿಲ್ಲ. ಇಲ್ಲಂದ್ರ ಇನ್ನ ಮ್ಯಾಲ ನಾ ಏನು ತಗೊಂಡು ಅವರ್ನ ಕಾಡ್ಲಿ?" ನಾವು ಮೂವರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಕಣ್ಣಲ್ಲಿ ನೀರು ಬರುವ ತನಕ. ನಕ್ಕು ಸುಸ್ತಾದ ಮೇಲೆ ಅತ್ತೆ ಗಂಭೀರಳಾಗಿ ಹೇಳಿದಳು, "ಇದನ್ನ ಮನ್ಯಾಗ ತೋರಿಸೋದಲ್ಲ. ಅದು ಇದ್ದಲ್ಲೇ ಇರ್ಬೇಕು, ನಾ ಆ ದಂಡಿಂದ ನಾವ್ಯಾಗ ಬರ್ಬೇಕು. ಅವ್ರು ಹೇಳಿದ್ದು ಹಂಗೇ ಅಲ್ಲೇನು?"

ಮಾವ ಹೊಲದಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದಂತೆ ಅತ್ತೆ ಹಟ ಹಿಡಿದಳು: ಹಬ್ಬಕ್ಕೆ ಚೆಂಡುಹೂವು ಬೇಕು, ಆಚೆ ದಂಡೆಯ ಹೊಲದ್ದೇ ಬೇಕು, ಹರಗೋಲಿನಲ್ಲೇ ಹೋಗಬೇಕು. "ಸೇತುವಿ ಮ್ಯಾಲ ಗಾಡಿ ಹೋಗಂಗಿಲ್ಲೇನು? ಹುಚ್ಚು ಹಿಡದದೇನು ನಿನಗ?" ಅಂದ ಮಾವ. "ಹಾಂ, ಹಿಡದದ. ನಡ್ರಿ" ಅಂದಳು ಅತ್ತೆ. ಎಷ್ಟೋ ವರ್ಷದಿಂದ ಹರಗೋಲು ಹತ್ತದವಳು ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಉಟ್ಟುಕೊಂಡಿದ್ದಳು. ಹೂವು ಕೊಯ್ಯಲು ಯಾರು ಇಳಕಲ್ ಸೀರೆ ಉಡುತ್ತಾರೆ ಎಂದು ಮಾವನಿಗೆ ಸಂಶಯ ಬರಲಿಲ್ಲ. ಗಂಡಸರಿಗೆ ಇಂಥದ್ದೆಲ್ಲ ಕಾಣಿಸುವುದಿಲ್ಲ, ಅದೂ ಒಂದು ಪುಣ್ಯ.

ಅವರು ಆಚೆ ದಂಡೆ ಮುಟ್ಟಿದ್ದೇ ತಡ, ನಾವು ಫಾನಸು ಹೊತ್ತು ಹೊಳೆಗೆ ಓಡಿದೆವು. ಚಿಮಣಿ ಎಣ್ಣೆ ಈಗ ಎಲ್ಲಿ ಸಿಗಬೇಕು? "ಗಾಡ್ಯಾಗ ಒಂದು ಬ್ಯಾಟರಿ ಎಲ್‌ಇಡಿ ಅದ, ಹಾಕಿಬಿಡೋಣು" ಅಂದರು ನಮ್ಮ ಮನೆಯವರು. ನಾನು ಕಣ್ಣು ಕಿಸಿದೆ. ಈ ಸಲ ಖರೇ ಕಿಸಿದೆ. ಸೊಸೆ ಹಳೆಯ ಚಿಮಣಿ ಬುಡ್ಡಿಗೆ ಟ್ರ್ಯಾಕ್ಟರಿನ ಡೀಸೆಲ್ ತುಂಬಿ, ಹತ್ತಿ ಬಟ್ಟೆಯ ದಪ್ಪ ಬತ್ತಿ ಹೊಸೆದು ತಂದಳು. ಬೋಳು ಕಂಬದ ತಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇನ್ನೂ ಇತ್ತು. ಇಷ್ಟು ವರ್ಷ ಅದು ಯಾತಕ್ಕೆ ಅಲ್ಲಿದೆ ಎಂದು ನಾವು ಯಾರೂ ಕೇಳಿರಲಿಲ್ಲ. ನಮ್ಮ ಮನೆಯವರು ಕಲ್ಲಿನ ಮೇಲೆ ಹತ್ತಿ ಫಾನಸಿನ ತಲೆಯ ಮೇಲಿನ ಬಳೆಯನ್ನು ಅದಕ್ಕೆ ಸಿಕ್ಕಿಸಿದರು. ಸರಿಯಾಗಿ ಕೂತಿತು. ನೀಲಿ ಗಾಜನ್ನು ಹೊಳೆಯ ಕಡೆ ತಿರುಗಿಸಿದೆ.

ಹೊತ್ತು ಮುಳುಗಿ ನೀರು ಕಪ್ಪಾಗುತ್ತಿತ್ತು. ಮಳೆ ಚೆನ್ನಾಗಿ ಆಗಿದ್ದರಿಂದ ಕಾಗಿಣಾ ಎರಡೂ ದಂಡೆ ತುಂಬಿ ಮೆಲ್ಲಗೆ ಹರಿಯುತ್ತಿತ್ತು. ಆಚೆ ದಂಡೆಯಿಂದ ಹರಗೋಲು ಬಿಟ್ಟದ್ದು ಕಂಡ ಕೂಡಲೇ ಬತ್ತಿ ಹಚ್ಚಿದೆವು. ಮೊದಲು ಹೊಗೆಯಾಡಿ, ಆಮೇಲೆ ಉರಿ ನಿಂತಿತು. ನೀರಿನ ಮೇಲೆ ನೀಲಿ ಬಿತ್ತು. ಮಾವ ಹೇಳಿದ ಹಾದಿಯಷ್ಟು ಅಗಲವಿಲ್ಲ, ಒಂದು ಕಾಲುಹಾದಿಯಷ್ಟು. ಅಲೆ ಎದ್ದಾಗ ಮುರಿದು, ಇಳಿದಾಗ ಮತ್ತೆ ಕೂಡುತ್ತಿತ್ತು. ಯಾರೂ ಹೇಳದೆ ನಾವು ಮೂವರೂ ಕೈ ಮುಗಿದೆವು.

ಹರಗೋಲು ನಡುಹೊಳೆಗೆ ಬಂದು ನಿಂತುಬಿಟ್ಟಿತು. ನಿಂತು, ಮೆಲ್ಲಗೆ ಗರಗರ ತಿರುಗತೊಡಗಿತು. "ಮಾವ ಹುಟ್ಟು ಹಾಕೋದ ಮರ್ತಾರ" ಎಂದು ಪಿಸುಗುಟ್ಟಿದರು ನಮ್ಮ ಮನೆಯವರು. ಹರಗೋಲು ಎರಡು ಸುತ್ತು ತಿರುಗಿದ ಮೇಲೆ ಮಾವನ ದನಿ ನೀರಿನ ಮೇಲಿಂದ ಬಂತು. ಯಾರೋ ಸಣ್ಣ ಹುಡುಗ ಕೇಳಿದಂತಿತ್ತು.

"ನಾ ಹೇಳಿದ್ನಿಲ್ಲ?"

"ಹೇಳಿದ್ರಿ" ಅಂದಳು ಅತ್ತೆ. "ಖರೇನೇ ಹೇಳಿದ್ರಿ."

ಹುಟ್ಟು ನೀರಿಗೆ ಬಿದ್ದ ಸದ್ದು ಆಮೇಲೆ ಕೇಳಿತು. ಆ ವಯಸ್ಸಿನಲ್ಲಿ ಮಾವ ಅಷ್ಟು ಜೋರಾಗಿ ಹುಟ್ಟು ಹಾಕಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ದಂಡೆಗೆ ಹರಗೋಲು ತಾಗುವ ಮೊದಲೇ ಮೊಣಕಾಲು ನೀರಿಗೆ ಧುಮುಕಿ, ಹೆಂಡತಿಯನ್ನೂ ಹಗ್ಗವನ್ನೂ ಅಲ್ಲೇ ಮರೆತು ಕಂಬದ ಹತ್ತಿರ ಓಡಿ ಬಂದ. ಕಲ್ಲಿನ ಮೇಲೆ ಹತ್ತಿ, ನೀಲಿ ಗಾಜಿನ ಅಂಚು ತಡವುತ್ತ ಹೋಗಿ, ಡಾಂಬರಿನ ಒಂದು ಕುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ಹಾಗೇ ನಿಂತ. "ಅಪ್ಪಂದು" ಅಂದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯ ತನಕ ನಗುತ್ತಿತ್ತು.

"ರೀ! ನನ್ನ ಇಳಸ್ರೀ ಮೊದಲು! ಹರಗೋಲು ಹೊಂಟದ!" ಎಂದು ಹಿಂದಿನಿಂದ ಅತ್ತೆ ಚೀರಿದಳು. ಹರಗೋಲು ಖರೇ ಹೊರಟಿತ್ತು, ಹೂವಿನ ರಾಶಿಯ ನಡುವೆ ಇಳಕಲ್ ಸೀರೆಯ ಅತ್ತೆಯನ್ನು ಕೂರಿಸಿಕೊಂಡು ಸೀದಾ ಶಹಾಬಾದಿನ ಕಡೆಗೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾವ ಮತ್ತೆ ನೀರಿಗೆ ಓಡಿ, ಹಗ್ಗ ಹಿಡಿದು ಎಳೆದು, ಕೈ ಚಾಚಿದ.

ಅತ್ತೆ ಆ ಕೈ ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು, ಬಲಗಾಲು ಮುಂದಿಟ್ಟು ದಂಡೆಗೆ ಇಳಿದಳು. ಫಾನಸಿನ ಕಡೆ ನೋಡಿ ಕೈ ಮುಗಿದಳು. ಆಮೇಲೆ ಮಾವನ ಕಡೆ ತಿರುಗಿದಳು.

"ಈಗ ಬಂದೆ ನೋಡ್ರಿ" ಅಂದಳು, "ನೀವು ಹೇಳಿದ ಊರಿಗಿ."